ಜನಮತವೂ ಒಕ್ಕೂಟ ರಾಜ್ಯವೂ

ಪ್ರಜಾಪ್ರಭುತ್ವದಲ್ಲಿ ಪ್ರಜೆಗಳೇ ಪ್ರಭುಗಳು. ಅವರ ಇಚ್ಛೆಗೆ ಅನುಸಾರವಾಗಿ ಆಡಳಿತ ನಡೆಯಬೇಕೆಂಬುದು ಈ ಪದ್ಧತಿಯ ಮೂಲತತ್ತ್ವ. ಆದರೆ ಕೋಟ್ಯಂತರ ಜನರು ಒಂದೆಡೆ ಕಲೆತು ದಿನದಿನದ ರಾಜ್ಯಕಾರ್ಯಗಳನ್ನು ಚರ್ಚಿಸುವುದು ಸಾಧ್ಯವಿಲ್ಲ. ಆದುದರಿಂದ ಅವರು ತಮ್ಮ ಪರವಾಗಿ ಪ್ರತಿನಿಧಿಗಳನ್ನು ಆರಿಸಿ ಕಳುಹಿಸುತ್ತಾರೆ. ಪ್ರತಿನಿಧಿಗಳು ಶಾಸನಸಭೆಯಲ್ಲಿ ಕುಳಿತು ಕಾನೂನುಗಳನ್ನು ರಚಿಸುತ್ತಾರೆ. ಅವರ ಕಾರ್ಯ ಮೆಚ್ಚುಗೆಯಾಗದಿದ್ದರೆ ಮುಂದಿನ ಚುನಾವಣೆಯಲ್ಲಿ ಪ್ರಜೆಗಳು ಅವರನ್ನು ಬದಲಾಯಿಸುತ್ತಾರೆ. ಇದು ಪ್ರಾತಿನಿಧಿಕ ಪದ್ಧತಿ.

ಹೀಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ದೇಶದ ಭವಿಷ್ಯವನ್ನೇ ಬದಲಿಸಬಲ್ಲ ಮಹತ್ತರ ವಿಷಯವೊಂದು ಎದುರಾದಾಗ ಪ್ರತಿನಿಧಿಗಳ ತೀರ್ಮಾನವೊಂದೇ ಸಾಕೆ? ಪ್ರಜೆಗಳನ್ನೇ ನೇರವಾಗಿ ಕೇಳಬಾರದೇಕೆ? ಹೀಗೆ ಒಂದು ನಿರ್ದಿಷ್ಟ ಪ್ರಶ್ನೆಯನ್ನು ಮತದಾರರೆಲ್ಲರ ಮುಂದಿಟ್ಟು, ‘ಹೌದು’ ಅಥವಾ ‘ಅಲ್ಲ’ ಎಂಬ ಅವರ ಉತ್ತರವನ್ನು ಪಡೆದು ಎಣಿಸುವ ಕ್ರಮಕ್ಕೆ ಜನಮತಗಣನೆ ಎಂದು ಹೆಸರು. ಚುನಾವಣೆಯಲ್ಲಿ ಪ್ರಜೆಗಳು ವ್ಯಕ್ತಿಯನ್ನು ಆರಿಸುತ್ತಾರೆ; ಜನಮತಗಣನೆಯಲ್ಲಿ ವಿಷಯವನ್ನೇ ತೀರ್ಮಾನಿಸುತ್ತಾರೆ. ಇವೆರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಮೇಲುನೋಟಕ್ಕೆ ಇದಕ್ಕಿಂತ ಸರಳವೂ ನ್ಯಾಯವೂ ಆದ ಮಾರ್ಗ ಬೇರೊಂದಿಲ್ಲವೆಂದು ತೋರುತ್ತದೆ. ಕೇಳಬೇಕು, ಎಣಿಸಬೇಕು, ಹೆಚ್ಚು ಜನರು ಹೇಳಿದಂತೆ ನಡೆಯಬೇಕು, ಅಷ್ಟೆ. ಆದರೆ ಎಣಿಕೆಯನ್ನು ಆರಂಭಿಸುವ ಮುನ್ನ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಯಾರನ್ನು ಎಣಿಸಬೇಕು? ಯಾರ ಜೊತೆಯಲ್ಲಿ ಎಣಿಸಬೇಕು?

ಬೆಂಗಳೂರಿನ ಹಳೆಯ ಬಡಾವಣೆಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಒಂದೇ ನಗರದ ಭಾಗಗಳು. ಚಾಮರಾಜಪೇಟೆಯಿಂದ ಬಸವನಗುಡಿಗೆ ಕಾಲ್ನಡಿಗೆಯಲ್ಲೇ ಹೋಗಿ ಬರಬಹುದು. ಆದರೂ 2024ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜಪೇಟೆಯ ಮತಗಳು ಬೆಂಗಳೂರು ಕೇಂದ್ರ ಕ್ಷೇತ್ರದಲ್ಲಿಯೂ, ಬಸವನಗುಡಿಯ ಮತಗಳು ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿಯೂ, ಮಲ್ಲೇಶ್ವರದ ಮತಗಳು ಬೆಂಗಳೂರು ಉತ್ತರ ಕ್ಷೇತ್ರದಲ್ಲಿಯೂ ಎಣಿಕೆಯಾದುವು. ನೆರೆಹೊರೆಯವರ ಮತಗಳು ಬೇರೆ ಬೇರೆ ಮೊತ್ತಗಳಲ್ಲಿ ಸೇರಿಹೋದುವು. ಗೆರೆಯನ್ನು ಬೇರೊಂದು ಕಡೆ ಎಳೆದಿದ್ದರೆ ಮೊತ್ತವೂ ಬೇರೆಯಾಗುತ್ತಿತ್ತು. ಮತ ಹಾಕುವವರು ಅವರೇ, ಅವರ ಅಭಿಪ್ರಾಯವೂ ಅದೇ. ಬದಲಾಗುವುದು ಗೆರೆ ಮಾತ್ರ. ಒಂದು ನಗರದಲ್ಲಿಯೇ ಹೀಗಾದರೆ ಹಲವು ಭಾಷೆ, ಹಲವು ನಾಡುಗಳು ಕೂಡಿರುವ ದೇಶದಲ್ಲಿ ಈ ಗೆರೆಯ ಮಹತ್ತ್ವ ಎಷ್ಟೆಂಬುದನ್ನು ಊಹಿಸಬಹುದು.

ಕನ್ನಡನಾಡಿನ ಏಕೀಕರಣದ ಚರಿತ್ರೆಯಲ್ಲಿ ಈ ಮಾತಿಗೆ ಪುಷ್ಟಿ ದೊರೆಯುತ್ತದೆ. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪಿತವಾದಾಗ ಕನ್ನಡಿಗರು ಬೇರೆ ಬೇರೆ ಆಡಳಿತಗಳ ಅಡಿಯಲ್ಲಿ ಹಂಚಿಹೋಗಿದ್ದರು. ಚಾಮರಾಜಪೇಟೆಯಲ್ಲಿ ಇಂದಿಗೂ ನೆಲೆಸಿರುವ ಆ ಸಂಸ್ಥೆ, ರಾಜಕೀಯವಾಗಿ ಅಗಲಿದ್ದ ಜನರನ್ನು ಭಾಷೆಯ ಮೂಲಕ ಒಂದುಗೂಡಿಸುವ ಕಾರ್ಯಕ್ಕೆ ತೊಡಗಿತು. ಆಲೂರು ವೆಂಕಟರಾಯರೇ ಮೊದಲಾದ ಹಿರಿಯರು ನಾಡಿನ ಐಕ್ಯಕ್ಕಾಗಿ ದುಡಿದರು. ಸ್ವಾತಂತ್ರ್ಯಾನಂತರ, 1953ರ ಡಿಸೆಂಬರ್ ತಿಂಗಳಿನಲ್ಲಿ, ಭಾರತ ಸರ್ಕಾರವು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಇತರ ಸದಸ್ಯರು. ಆಯೋಗವು 104 ಸ್ಥಳಗಳಿಗೆ ಭೇಟಿಯಿತ್ತು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತುಗಳನ್ನು ಕೇಳಿತು. ಒಂದೂವರೆ ಲಕ್ಷಕ್ಕೂ ಮೀರಿದ ಲಿಖಿತ ಅಭಿಪ್ರಾಯಗಳು ಅದಕ್ಕೆ ಬಂದುವು. 1955ರಲ್ಲಿ ಆಯೋಗದ ವರದಿ ಸಿದ್ಧವಾಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರಾಯಿತು.

ಇಷ್ಟು ದೊಡ್ಡ ಬದಲಾವಣೆ ಜನಮತಗಣನೆಯಿಲ್ಲದೆಯೇ ನಡೆಯಿತು. ಹಾಗೆಂದು ಎಲ್ಲರೂ ಏಕಾಭಿಪ್ರಾಯದವರಾಗಿದ್ದರೆಂದಲ್ಲ. ಹಳೆಯ ಮೈಸೂರಿನಲ್ಲಿ ಏಕೀಕರಣವನ್ನು ಹೃತ್ಪೂರ್ವಕವಾಗಿ ಬಯಸಿದವರೂ ಇದ್ದರು. ತಮ್ಮ ಸಂಸ್ಥಾನದ ಸುವ್ಯವಸ್ಥೆ ಎಲ್ಲಿ ಕೆಡುವುದೋ, ಖರ್ಚಿನ ಹೊರೆ ಎಲ್ಲಿ ತಮ್ಮ ಮೇಲೆ ಬೀಳುವುದೋ ಎಂದು ಶಂಕಿಸಿದವರೂ ಇದ್ದರು. ಹಾಗಾದರೆ ಅಂದು ಜನರನ್ನೇ ನೇರವಾಗಿ ಕೇಳಿದ್ದರೆ ಏನಾಗುತ್ತಿತ್ತು?

ಇಲ್ಲಿಯೇ ತೊಡಕು. ಧಾರವಾಡದ ಜನರು ಬೊಂಬಾಯಿ ರಾಜ್ಯದವರು. ಧಾರವಾಡ ಯಾವ ರಾಜ್ಯಕ್ಕೆ ಸೇರಬೇಕೆಂದು ಬೊಂಬಾಯಿ ರಾಜ್ಯದ ಮತದಾರರೆಲ್ಲರನ್ನೂ ಕೇಳಿದ್ದರೆ, ಮರಾಠಿ ಮತ್ತು ಗುಜರಾತಿ ಮಾತನಾಡುವ ಬಹುಸಂಖ್ಯಾತರ ನಡುವೆ ಕನ್ನಡಿಗರ ಧ್ವನಿ ಅಡಗಿಹೋಗುತ್ತಿತ್ತು. ಕಲಬುರಗಿಯ ವಿಷಯವನ್ನು ಹೈದರಾಬಾದು ರಾಜ್ಯದ ಎಲ್ಲ ಮತದಾರರ ಮುಂದಿಟ್ಟಿದ್ದರೂ ಅದೇ ಗತಿ. ಹಾಗಲ್ಲದೆ ಕನ್ನಡ ಜಿಲ್ಲೆಗಳನ್ನು ಮಾತ್ರ ಕೇಳಬೇಕೆಂದರೆ, ಕನ್ನಡ ಜಿಲ್ಲೆಗಳು ಯಾವುವೆಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತಿತ್ತು. ಆದರೆ ವಿವಾದವಿದ್ದುದೇ ಆ ನಿರ್ಧಾರದ ಮೇಲೆ! ಎಣಿಕೆಯಿಂದ ಬಗೆಹರಿಯಬೇಕಾದ ಪ್ರಶ್ನೆ, ಎಣಿಕೆಗೆ ಮುಂಚೆಯೇ ಬಗೆಹರಿಯಬೇಕಾಗಿತ್ತು.

ಗಡಿಭಾಗಗಳಲ್ಲಿ ಈ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯನ್ನು ಒಂದೇ ಘಟಕವಾಗಿ ಪರಿಗಣಿಸಲಿಲ್ಲ, ತಾಲ್ಲೂಕುಗಳನ್ನು ವಿಂಗಡಿಸಲಾಯಿತು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದರೆ ಬಳ್ಳಾರಿಯೂ ಇತರ ತಾಲ್ಲೂಕುಗಳೂ ಮೈಸೂರಿಗೆ ಸೇರಿದುವು. 1956ರಲ್ಲಿ ಕಾಸರಗೋಡು ತಾಲ್ಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ತಾಲ್ಲೂಕನ್ನು ಇಡಿಯಾಗಿ ನೋಡದೆ, ಚಂದ್ರಗಿರಿ ನದಿಯ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾರ್ಯರೂಪಕ್ಕೆ ಬರಲಿಲ್ಲ. ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡರೆ ಒಂದು ಉತ್ತರ, ತಾಲ್ಲೂಕನ್ನು ಇಟ್ಟುಕೊಂಡರೆ ಇನ್ನೊಂದು, ನದಿಯನ್ನು ಗೆರೆಯಾಗಿ ಮಾಡಿದರೆ ಮತ್ತೊಂದು. ಇವುಗಳಲ್ಲಿ ಜನರ ಉತ್ತರ ಯಾವುದು?

ಇನ್ನು ಇಡೀ ದೇಶದ ಮಟ್ಟಕ್ಕೆ ಬಂದರೆ ಸಮಸ್ಯೆಯ ಸ್ವರೂಪ ಹಿರಿದಾಗುತ್ತದೆ. ಭಾರತವು ರಾಜ್ಯಗಳ ಒಕ್ಕೂಟವೆಂದು ಸಂವಿಧಾನದ ಮೊದಲನೆಯ ವಿಧಿಯೇ ಸಾರುತ್ತದೆ. ಒಕ್ಕೂಟದಲ್ಲಿ ಅಧಿಕಾರವು ಕೇಂದ್ರಕ್ಕೂ ರಾಜ್ಯಗಳಿಗೂ ಹಂಚಿಕೆಯಾಗಿರುತ್ತದೆ. ದೇಶರಕ್ಷಣೆ, ವಿದೇಶಾಂಗ ವ್ಯವಹಾರ, ರೈಲ್ವೆಗಳು ಕೇಂದ್ರಕ್ಕೆ ಸೇರಿವೆ. ಪೊಲೀಸು, ಕೃಷಿ ಮುಂತಾದುವು ರಾಜ್ಯಗಳಿಗೆ ಸೇರಿವೆ. ಕರ್ನಾಟಕದಲ್ಲಿ ನೆಲೆಸಿದ ಭಾರತೀಯನೊಬ್ಬನು ಏಕಕಾಲದಲ್ಲಿ ಎರಡು ಸಮುದಾಯಗಳ ಸದಸ್ಯ. ಭಾರತದ ಪ್ರಜೆಗಳಲ್ಲಿ ಅವನು ಒಬ್ಬ. ಕರ್ನಾಟಕವೆಂಬ ರಾಜ್ಯದ ಜನರಲ್ಲಿಯೂ ಒಬ್ಬ. ಮೊದಲನೆಯದನ್ನು ಮಾತ್ರ ಎಣಿಸಿ ಎರಡನೆಯದನ್ನು ಮರೆತರೆ ಒಕ್ಕೂಟದ ಅರ್ಥವೇ ಕುಂದುತ್ತದೆ.

2024ರಲ್ಲಿ ಚುನಾವಣೆ ನಡೆದ ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕದವು 28. ಉತ್ತರಪ್ರದೇಶದವು 80, ಮಹಾರಾಷ್ಟ್ರದವು 48, ಪಶ್ಚಿಮ ಬಂಗಾಳದವು 42, ಬಿಹಾರದವು 40, ತಮಿಳುನಾಡಿನವು 39, ಮಧ್ಯಪ್ರದೇಶದವು 29. ಈ ಆರು ರಾಜ್ಯಗಳ ಸ್ಥಾನಗಳನ್ನು ಕೂಡಿದರೆ 278 ಆಗುತ್ತದೆ. ಇದು ಅರ್ಧಕ್ಕಿಂತ ಹೆಚ್ಚು. ಜನಸಂಖ್ಯೆಯ ಸ್ಥೂಲ ಅಳತೆಯೆಂದು ಇದನ್ನು ಇಟ್ಟುಕೊಂಡರೆ, ಇಪ್ಪತ್ತೆಂಟು ರಾಜ್ಯಗಳ ದೇಶದಲ್ಲಿ ಆರು ರಾಜ್ಯಗಳು ಒಮ್ಮತದಿಂದ ನಿಂತರೆ ಉಳಿದೆಲ್ಲವನ್ನೂ ಮೀರಿಸಬಲ್ಲವೆಂದು ತಿಳಿಯುತ್ತದೆ. ರಾಜ್ಯಗಳಲ್ಲೆಲ್ಲ ಒಂದೇ ಭಾಷೆಯಲ್ಲಿ ಆಡಳಿತ ನಡೆಯಬೇಕೆ ಎಂಬ ಪ್ರಶ್ನೆಯನ್ನು ಬರಿಯ ತಲೆಯೆಣಿಕೆಯಿಂದ ತೀರ್ಮಾನಿಸುವುದಾದರೆ, ಕನ್ನಡಿಗರ ಪ್ರತಿಯೊಂದು ಮತವೂ ಒಂದೇ ಕಡೆಗೆ ಬಿದ್ದರೂ ಅದರಿಂದ ತಮ್ಮ ನುಡಿಯನ್ನು ಉಳಿಸಿಕೊಳ್ಳುವ ಭರವಸೆಯಿರುವುದಿಲ್ಲ. ಸಣ್ಣ ರಾಜ್ಯಗಳ ಪಾಡು ಇನ್ನೂ ಕಠಿಣ. ಸಂವಿಧಾನ ನಿರ್ಮಾಪಕರು ಇಂಥ ತೀರ್ಮಾನವನ್ನು ತಲೆಯೆಣಿಕೆಗೆ ಬಿಡಲಿಲ್ಲ. ರಾಜ್ಯದ ಆಡಳಿತ ಭಾಷೆಯನ್ನು ಆಯ್ದುಕೊಳ್ಳುವ ಅಧಿಕಾರವನ್ನು ಆಯಾ ರಾಜ್ಯದ ವಿಧಾನಮಂಡಲಕ್ಕೇ ಕೊಟ್ಟರು. ಆ ಅಧಿಕಾರದಿಂದಲೇ 1963ರಲ್ಲಿ ಕನ್ನಡವು ನಮ್ಮ ರಾಜ್ಯದ ಆಡಳಿತ ಭಾಷೆಯೆಂದು ಶಾಸನವಾಯಿತು.

ಹಾಗಾದರೆ ಒಕ್ಕೂಟ ದೇಶದಲ್ಲಿ ರಾಷ್ಟ್ರವ್ಯಾಪಿ ಜನಮತಗಣನೆ ಅಸಾಧ್ಯವೆ? ಅಸಾಧ್ಯವಲ್ಲ. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರೇಲಿಯ ದೇಶಗಳು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿವೆ. ಅಲ್ಲಿ ಸಂವಿಧಾನದ ತಿದ್ದುಪಡಿಯನ್ನು ಜನರ ಮುಂದಿಟ್ಟಾಗ ಮತಗಳನ್ನು ಎರಡು ಬಗೆಯಾಗಿ ಎಣಿಸುತ್ತಾರೆ. ಇಡೀ ದೇಶದ ಮತದಾರರಲ್ಲಿ ಬಹುಮತ ದೊರೆಯಬೇಕು. ಅದರೊಡನೆ ಹೆಚ್ಚಿನ ಸಂಖ್ಯೆಯ ರಾಜ್ಯಗಳಲ್ಲಿಯೂ ಬಹುಮತ ದೊರೆಯಬೇಕು. ಇದನ್ನು ಇಮ್ಮಡಿ ಬಹುಮತವೆನ್ನಬಹುದು. ಆಸ್ಟ್ರೇಲಿಯದಲ್ಲಿ ಆರು ರಾಜ್ಯಗಳ ಪೈಕಿ ನಾಲ್ಕಾದರೂ ಒಪ್ಪಬೇಕು. 1977ರಲ್ಲಿ ಅಲ್ಲಿನ ಎರಡು ಸದನಗಳ ಚುನಾವಣೆಗಳನ್ನು ಒಟ್ಟಿಗೆ ನಡೆಸಬೇಕೆಂಬ ಸಲಹೆಯನ್ನು ಶೇಕಡಾ 62ರಷ್ಟು ಮತದಾರರು ಒಪ್ಪಿದರು. ಆದರೆ ಮೂರು ರಾಜ್ಯಗಳಲ್ಲಿ ಮಾತ್ರ ಬಹುಮತ ಬಂದುದರಿಂದ ಸಲಹೆ ಬಿದ್ದುಹೋಯಿತು. ಸ್ವಿಟ್ಜರ್ಲೆಂಡಿನಲ್ಲಿ 2020ರ ನವೆಂಬರಿನಲ್ಲಿ, ದೊಡ್ಡ ಕಂಪನಿಗಳ ಹೊಣೆಗಾರಿಕೆಯನ್ನು ಕುರಿತ ಸಲಹೆಗೆ ಶೇಕಡಾ 50.7 ಮತಗಳು ಬಂದರೂ ಕ್ಯಾಂಟನ್‌ಗಳೆಂಬ ಅಲ್ಲಿನ ರಾಜ್ಯಗಳಲ್ಲಿ ಹೆಚ್ಚಿನವು ಒಪ್ಪದಿದ್ದುದರಿಂದ ಅದು ಅಂಗೀಕೃತವಾಗಲಿಲ್ಲ.

ಈ ಪದ್ಧತಿಯಲ್ಲಿ ಬದಲಾವಣೆ ನಿಧಾನವಾಗುತ್ತದೆ. ಆಸ್ಟ್ರೇಲಿಯದಲ್ಲಿ 2023ರವರೆಗೆ ಜನರ ಮುಂದಿಟ್ಟ 45 ತಿದ್ದುಪಡಿಗಳಲ್ಲಿ ಅಂಗೀಕೃತವಾದುವು ಎಂಟು ಮಾತ್ರ. ಆದರೆ ದೇಶವು ನಿಜವಾಗಿ ಒಮ್ಮನಸ್ಸಾದಾಗ ಇಮ್ಮಡಿ ಎಣಿಕೆ ಅಡ್ಡಿಯಾಗುವುದಿಲ್ಲ. 1967ರಲ್ಲಿ ಆ ದೇಶದ ಮೂಲನಿವಾಸಿಗಳಿಗೆ ಸಂಬಂಧಿಸಿದ ತಿದ್ದುಪಡಿಯನ್ನು ಶೇಕಡಾ ತೊಂಬತ್ತಕ್ಕೂ ಹೆಚ್ಚು ಮತದಾರರೂ ಆರಕ್ಕೆ ಆರು ರಾಜ್ಯಗಳೂ ಒಪ್ಪಿದುವು.

ಇಮ್ಮಡಿ ಬಹುಮತವೂ ಎಲ್ಲ ದೋಷಗಳಿಗೆ ಮದ್ದಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸ್ತ್ರೀಯರಿಗೆ ರಾಷ್ಟ್ರಮಟ್ಟದ ಮತಾಧಿಕಾರ ಕೊಡಬೇಕೆ ಎಂಬ ಪ್ರಶ್ನೆ 1959ರಲ್ಲಿ ಜನಮತಕ್ಕೆ ಬಂದಿತು, ಸೋತಿತು. ಉತ್ತರ ಹೇಳಿದವರೆಲ್ಲರೂ ಪುರುಷರು. ಯಾರ ಹಕ್ಕಿನ ಪ್ರಶ್ನೆಯೋ ಅವರೇ ಆ ಎಣಿಕೆಯಲ್ಲಿ ಇರಲಿಲ್ಲ. 1971ರಲ್ಲಿ ಎರಡನೆಯ ಬಾರಿ ಕೇಳಿದಾಗ ಆ ಹಕ್ಕು ದೊರೆಯಿತು. ಭಾರತದಲ್ಲಾದರೋ 1950ರ ಸಂವಿಧಾನವೇ ಸ್ತ್ರೀಪುರುಷರೆಲ್ಲರಿಗೂ ಮತಾಧಿಕಾರವನ್ನು ನೀಡಿತು. ಅದಕ್ಕಾಗಿ ಯಾರ ಮತವನ್ನೂ ಎಣಿಸಬೇಕಾಗಲಿಲ್ಲ. ಮನುಷ್ಯನ ಮೂಲಭೂತ ಹಕ್ಕುಗಳು ಬಹುಮತದ ಕೃಪೆಯನ್ನು ಅವಲಂಬಿಸಿರಬಾರದೆಂಬುದು ಇದರಿಂದ ತಿಳಿಯುವ ನೀತಿ.

ಭಾರತದ ಸಂವಿಧಾನದಲ್ಲಿ ರಾಷ್ಟ್ರವ್ಯಾಪಿ ಜನಮತಗಣನೆಗೆ ಅವಕಾಶವಿಲ್ಲ. ಆದರೆ ಇಮ್ಮಡಿ ಒಪ್ಪಿಗೆಯ ತತ್ತ್ವ ಅದರಲ್ಲಿ ಬೇರೊಂದು ರೂಪದಲ್ಲಿದೆ. ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯಂಥ ವಿಷಯಗಳನ್ನು ತಿದ್ದಬೇಕಾದರೆ, 368ನೆಯ ವಿಧಿಯ ಪ್ರಕಾರ, ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಅರ್ಧದಷ್ಟಾದರೂ ರಾಜ್ಯಗಳ ವಿಧಾನಮಂಡಲಗಳ ಅನುಮೋದನೆ ಬೇಕು. 2016ರಲ್ಲಿ ಸರಕು ಮತ್ತು ಸೇವಾ ತೆರಿಗೆಯ ತಿದ್ದುಪಡಿ ಈ ಮಾರ್ಗವಾಗಿಯೇ ಅಂಗೀಕೃತವಾಯಿತು. ರಾಜ್ಯಗಳ ಗಡಿಗಳನ್ನು ಬದಲಿಸುವಾಗ ಮಾತ್ರ ರಾಜ್ಯದ ಅಭಿಪ್ರಾಯವನ್ನು ಕೇಳಿದರೆ ಸಾಕು; ಅಂತಿಮ ನಿರ್ಣಯ ಸಂಸತ್ತಿನದು.

ಜನಮತಗಣನೆಯನ್ನು ಸಂವಿಧಾನಕ್ಕೆ ಸೇರಿಸುವ ಪ್ರಯತ್ನವೂ ಒಮ್ಮೆ ನಡೆಯಿತು. ತುರ್ತುಪರಿಸ್ಥಿತಿಯ ಕಹಿ ಅನುಭವದ ತರುವಾಯ, 1978ರಲ್ಲಿ, ಅಂದಿನ ಜನತಾ ಸರ್ಕಾರವು ಒಂದು ತಿದ್ದುಪಡಿ ಮಸೂದೆಯನ್ನು ತಂದಿತು. ದೇಶದ ಪ್ರಜಾಸತ್ತೆ, ಮೂಲಭೂತ ಹಕ್ಕು, ನ್ಯಾಯಾಂಗದ ಸ್ವಾತಂತ್ರ್ಯಗಳಿಗೆ ಧಕ್ಕೆ ತರುವಂಥ ಬದಲಾವಣೆಗಳನ್ನು ಮಾಡಬೇಕಾದರೆ ಜನಮತಗಣನೆ ನಡೆಯಬೇಕು, ಅದರಲ್ಲಿ ಮತದಾರರ ಪೈಕಿ ಶೇಕಡಾ 51ರಷ್ಟಾದರೂ ಭಾಗವಹಿಸಿರಬೇಕು ಎಂದು ಅದರಲ್ಲಿ ಸೂಚಿಸಲಾಗಿತ್ತು. ಅಧಿಕಾರದಲ್ಲಿರುವವರು ಸಂವಿಧಾನವನ್ನು ತಮಗೆ ಬೇಕಾದಂತೆ ಬಾಗಿಸದಂತೆ ಪ್ರಜೆಗಳನ್ನೇ ಕಾವಲಿಗೆ ನಿಲ್ಲಿಸುವುದು ಅದರ ಉದ್ದೇಶ. ಲೋಕಸಭೆ ಇದನ್ನು ಒಪ್ಪಿತು. ರಾಜ್ಯಸಭೆ ಆ ಭಾಗವನ್ನು ತಿರಸ್ಕರಿಸಿತು. ಉಳಿದ ಭಾಗ ಮಾತ್ರ ಸಂವಿಧಾನದ 44ನೆಯ ತಿದ್ದುಪಡಿಯಾಗಿ ಜಾರಿಗೆ ಬಂದಿತು.

ಇಡೀ ದೇಶದಲ್ಲಿ ಅಲ್ಲದಿದ್ದರೂ ಒಂದೊಂದು ಪ್ರದೇಶದಲ್ಲಿ ಜನರನ್ನು ಕೇಳಿದ ಸಂದರ್ಭಗಳಿವೆ. 1948ರಲ್ಲಿ ಜುನಾಗಢದಲ್ಲಿಯೂ 1975ರಲ್ಲಿ ಸಿಕ್ಕಿಂನಲ್ಲಿಯೂ ಹೀಗೆ ಮತಗಣನೆ ನಡೆಯಿತು. ಕರ್ನಾಟಕದ ನೆರೆಯ ಗೋವೆಯ ನಿದರ್ಶನ ವಿಶೇಷ ಗಮನಕ್ಕೆ ಅರ್ಹವಾಗಿದೆ. ಪೋರ್ಚುಗೀಸರಿಂದ 1961ರಲ್ಲಿ ಬಿಡುಗಡೆ ಹೊಂದಿದ ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೆ ಎಂಬ ವಿವಾದ ಎದ್ದಾಗ ಸಂಸತ್ತು 1966ರಲ್ಲಿ ಪ್ರತ್ಯೇಕ ಕಾನೂನನ್ನು ರಚಿಸಿತು. ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ಅಲ್ಲಿನ ಮಂತ್ರಿಮಂಡಲ ಅಧಿಕಾರ ಬಿಟ್ಟಿತು. 1967ರ ಜನವರಿ 16ರಂದು ಮತದಾನವಾಯಿತು. ವಿಲೀನಕ್ಕೆ ಹೂವಿನ ಗುರುತು, ಕೇಂದ್ರಾಡಳಿತಕ್ಕೆ ಎರಡು ಎಲೆಗಳ ಗುರುತು. ವಿಲೀನದ ಪರವಾಗಿ 1,38,170 ಮತಗಳೂ ವಿರುದ್ಧವಾಗಿ 1,72,191 ಮತಗಳೂ ಬಂದುವು. ಮಹಾರಾಷ್ಟ್ರದ ಗಾತ್ರದ ಮುಂದೆ ಗೋವೆ ಎಷ್ಟು ಚಿಕ್ಕದು! ಮಹಾರಾಷ್ಟ್ರದವರನ್ನೂ ಕೂಡಿಸಿ ಕೇಳಿದ್ದರೆ ಗೋವೆಯ ಜನರ ಇಚ್ಛೆ ಆ ಎಣಿಕೆಯಲ್ಲಿ ಕಾಣಿಸುತ್ತಲೇ ಇರಲಿಲ್ಲ. ಯಾರ ಬಾಳಿನ ಪ್ರಶ್ನೆಯೋ ಅವರನ್ನೇ ಕೇಳಿದ್ದು ಅಂದಿನ ನಿರ್ಣಯದ ಹಿರಿಮೆ.

ಆದರೂ ಆ ಮತಪತ್ರದಲ್ಲಿ ಇದ್ದುದು ಎರಡೇ ಆಯ್ಕೆಗಳು. ಗೋವೆ ತಾನೇ ಒಂದು ಪೂರ್ಣ ರಾಜ್ಯವಾಗುವ ಮೂರನೆಯ ಆಯ್ಕೆ ಅದರಲ್ಲಿರಲಿಲ್ಲ. 1987ರಲ್ಲಿ ನಡೆದುದು ಮಾತ್ರ ಅದೇ. ಪ್ರಶ್ನೆಯನ್ನು ರಚಿಸುವವರು ಉತ್ತರದ ಎಲ್ಲೆಯನ್ನೂ ಗೊತ್ತುಮಾಡುತ್ತಾರೆ. ಜನರು ಹೂವನ್ನೋ ಎಲೆಯನ್ನೋ ಆರಿಸಬಹುದೇ ಹೊರತು ಮತಪತ್ರದಲ್ಲಿಲ್ಲದ್ದನ್ನು ಆರಿಸಲಾರರು.

‘ಮತ’ ಎಂಬ ಪದಕ್ಕೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ. ಪೆಟ್ಟಿಗೆಯಲ್ಲಿ ಬೀಳುವುದೂ ಮತ. ಮನಸ್ಸಿನಲ್ಲಿ ಮೂಡುವ ಅಭಿಪ್ರಾಯವೂ ಮತ. ಎರಡನೆಯದು ಪಕ್ವವಾಗದೆ ಮೊದಲನೆಯದಕ್ಕೆ ಬೆಲೆಯಿಲ್ಲ. ಈ ಸತ್ಯವನ್ನು ಅರಿತ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ರಾಜ್ಯಶಾಸ್ತ್ರದ ತತ್ತ್ವಗಳನ್ನು ಸಾಮಾನ್ಯರಿಗೆ ತಿಳಿಯುವಂತೆ ಕನ್ನಡದಲ್ಲಿ ಗ್ರಂಥಗಳನ್ನು ಬರೆದರು. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿರುವ ಆ ಸಂಸ್ಥೆ ಯಾವ ಮತವನ್ನೂ ಎಣಿಸುವುದಿಲ್ಲ. ಸಾರ್ವಜನಿಕ ವಿಷಯಗಳನ್ನು ಓದಿ, ಕೇಳಿ, ಚರ್ಚಿಸಿ, ವಿವೇಚಿಸುವ ಅಭ್ಯಾಸವನ್ನು ಪ್ರಜೆಗಳಲ್ಲಿ ಬೆಳೆಸುವುದೇ ಅದರ ಗುರಿ. ಇಂಥ ಅಭ್ಯಾಸವಿಲ್ಲದ ಕಡೆ ಜನಮತಗಣನೆಯು ಆ ಗಳಿಗೆಯ ಆವೇಶವನ್ನು ಅಳೆಯುತ್ತದೆಯೇ ಹೊರತು ಜನರ ವಿವೇಕವನ್ನಲ್ಲ.

ಒಕ್ಕೂಟ ದೇಶವೂ ರಾಷ್ಟ್ರವ್ಯಾಪಿ ಜನಮತಗಣನೆಯನ್ನು ನಡೆಸಬಹುದು. ಆದರೆ ಪ್ರಶ್ನೆ ನಿಷ್ಪಕ್ಷಪಾತವಾಗಿರಬೇಕು. ಪ್ರಜೆಗಳ ಎಣಿಕೆಯ ಜೊತೆಗೆ ರಾಜ್ಯಗಳ ಎಣಿಕೆಯೂ ನಡೆಯಬೇಕು. ಮೂಲಭೂತ ಹಕ್ಕುಗಳು ಎಣಿಕೆಗೆ ಸಿಕ್ಕದಂತೆ ಸುರಕ್ಷಿತವಾಗಿರಬೇಕು. ಈ ಮೂರೂ ಇಲ್ಲದ ಕಡೆ ದೊಡ್ಡ ರಾಜ್ಯದ ಇಚ್ಛೆಯೇ ದೇಶದ ಇಚ್ಛೆಯೆಂಬ ವೇಷ ಧರಿಸುತ್ತದೆ. ತಮ್ಮ ಮಾತಿಗೂ ಬೆಲೆಯುಂಟೆಂಬ ನಂಬಿಕೆಯಿಂದ ನಾಡುಗಳು ಒಕ್ಕೂಟದಲ್ಲಿ ಕೂಡಿ ಬಾಳುತ್ತವೆ. ಆ ನಂಬಿಕೆಯನ್ನು ಕಾಪಾಡುವ ಎಣಿಕೆಯೇ ನ್ಯಾಯವಾದ ಎಣಿಕೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಜನಮತಗಣನೆ ಎಂದರೇನು?
2. ವಿಶಾಲ ಮೈಸೂರು ರಾಜ್ಯ ಯಾವಾಗ ಉದಯಿಸಿತು?
3. ಗೋವೆಯ ಮತದಾನದಲ್ಲಿ ಇದ್ದ ಎರಡು ಗುರುತುಗಳು ಯಾವುವು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಏಕೀಕರಣದ ಪ್ರಶ್ನೆಯನ್ನು ಜನಮತಗಣನೆಯಿಂದ ಬಗೆಹರಿಸುವುದು ಏಕೆ ಕಷ್ಟವಾಗುತ್ತಿತ್ತು?
2. ಇಮ್ಮಡಿ ಬಹುಮತವೆಂದರೇನು? ಅದರಿಂದ ಸಣ್ಣ ರಾಜ್ಯಗಳಿಗೆ ಆಗುವ ಪ್ರಯೋಜನವೇನು?
3. 1959ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಮತಗಣನೆಯ ದೋಷ ಯಾವುದು?

ಇ. ‘ಪ್ರಶ್ನೆಯನ್ನು ರಚಿಸುವವರು ಉತ್ತರದ ಎಲ್ಲೆಯನ್ನೂ ಗೊತ್ತುಮಾಡುತ್ತಾರೆ.’ ಈ ಮಾತನ್ನು ಪಾಠದ ಆಧಾರದಿಂದ ವಿವರಿಸಿ.

ಈ. ಚರ್ಚಿಸಿ: ನಿಮ್ಮ ತಾಲ್ಲೂಕಿಗೆ ಸಂಬಂಧಿಸಿದ ಒಂದು ವಿಷಯವನ್ನು ಜನಮತಕ್ಕೆ ಇಡುವುದಾದರೆ ಯಾರನ್ನು ಕೇಳಬೇಕು? ಪ್ರಶ್ನೆಯನ್ನು ಹೇಗೆ ರಚಿಸಬೇಕು?